ಹಾಲ್ವರ್ ರುಸ್ಟಾಡ್ ಮುಚ್ಚದೆ ಬಿಟ್ಟ ಗೋಡೆ

ಹಾಲ್ವರ್ ರುಸ್ಟಾಡ್ ಬಯಲಿನಲ್ಲೂ ತಲೆ ಬಗ್ಗಿಸಿ ನಡೆಯುತ್ತಿದ್ದ. ನಮ್ಮ ಕಣಿವೆಯನ್ನು ಕಣಿವೆ ಎನ್ನುವುದೇ ಹೆಸರಿಗೆ. ಬೀಟ್‌ಗೆಡ್ಡೆಯ ಹೊಲಗಳು ಕಣ್ಣಿಗೆ ಸಾಕಾಗುವಷ್ಟು ದೂರ ಚಪ್ಪಟೆಯಾಗಿ ಹಾಸಿಕೊಂಡಿರುವ ನೆಲ, ನಡುವೆ ಒಂದು ಮರ ಕಂಡರೆ ಅದು ಯಾರದೋ ಅಜ್ಜ ನೆಟ್ಟದ್ದು. ಅಂಥ ಕಡೆ, ನೆತ್ತಿಯ ಮೇಲೆ ಆಕಾಶವಲ್ಲದೆ ಬೇರೇನೂ ಇಲ್ಲದ ದಾರಿಯಲ್ಲಿ, ಆರಡಿ ಮೂರಂಗುಲದ ಈ ಮನುಷ್ಯ ಹತ್ತು ಹೆಜ್ಜೆಗೊಮ್ಮೆ ಕತ್ತನ್ನು ಭುಜದೊಳಕ್ಕೆ ಎಳೆದುಕೊಂಡು, ಎಡಕ್ಕೆ ಒಂದಿಷ್ಟು ವಾಲಿ, ಯಾವುದೋ ಕಾಣದ ತೊಲೆಯನ್ನು ತಪ್ಪಿಸಿಕೊಂಡು ಮತ್ತೆ ನೆಟ್ಟಗಾಗಿ ಮುಂದೆ ಹೋಗುತ್ತಿದ್ದ. ಹೊಸದಾಗಿ ಬಂದ ಪಾದ್ರಿಗಳು ಇಗರ್ಜಿಯಲ್ಲಿ ಅವನು ಸಾಲಿನ ನಡುವೆ ಬಗ್ಗಿ ಬಗ್ಗಿ ಬರುವುದನ್ನು ನೋಡಿ ಭಕ್ತಿ ಎಂದು ತಿಳಿದು ಎರಡು ಭಾನುವಾರ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದರಂತೆ. ಮೂರನೆಯ ಭಾನುವಾರ ಅವನು ಕಾಫಿಯ ಕೆಟಲಿನ ಮುಂದೆಯೂ ಹಾಗೆಯೇ ಬಗ್ಗಿದ.

ಅದು ನಲವತ್ತು ವರ್ಷದ ಕೆಲಸ ಮೈಗೆ ಕಲಿಸಿದ್ದು. ನೋರ್ಬಿ ಎಂಬ ನಮ್ಮ ಊರಿನಲ್ಲಿ ಮನೆ ಎಂದರೆ ಅರ್ಧ ಮೇಲೆ, ಅರ್ಧ ನೆಲದೊಳಗೆ. ಚಳಿಗಾಲ ಆರು ತಿಂಗಳು ಕೂರುವ ಊರಿನಲ್ಲಿ ನೆಲಮಾಳಿಗೆಯನ್ನು ಬರಿಯ ಕಾಂಕ್ರೀಟಿನ ಗುಂಡಿಯಾಗಿ ಬಿಟ್ಟವರು ಮನೆಯ ಅರ್ಧವನ್ನು ಇಲಿಗಳಿಗೆ ಬರೆದುಕೊಟ್ಟ ಹಾಗೆ. ಆ ಗುಂಡಿಗೆ ಗೋಡೆ, ನೆಲ, ಬೆಳಕು ಕೊಟ್ಟು, ಮನೆಮಂದಿ ಕೂತು ಮಾತಾಡುವ ಒಂದು ಜಾಗ ಮಾಡಿ, ಬದಿಗೆ ಸಾಮಾನು ತುಂಬುವ ಗೋಡೆಕಪಾಟು ಕೂರಿಸಿಕೊಡುವುದು ಹಾಲ್ವರನ ಕಸುಬು. ತೊಲೆಗಳು, ಬಿಸಿಗಾಳಿಯ ತಗಡಿನ ಕೊಳವೆಗಳು, ನೀರಿನ ಪೈಪುಗಳು ಎಲ್ಲವೂ ಅವನ ಹಣೆಯ ಎತ್ತರಕ್ಕೇ ಹಾದುಹೋಗುತ್ತಿದ್ದವು. ಹಣೆಯ ಮೇಲೆ ಬಲಗಡೆ ಒಂದು ಬಿಳಿಯ ಗೆರೆಯಿತ್ತು. ಅದು ಹಳೆಯ ಬೇಕರಿಯ ಕೆಳಗಿನ ತೊಲೆ ಎಂದು ಅವನೇ ಪರಿಚಯ ಮಾಡಿಕೊಡುತ್ತಿದ್ದ, ಬಂಧುವನ್ನು ಪರಿಚಯಿಸುವ ಹಾಗೆ.

ನನ್ನ ಗಂಡ ಮೆಲ್ವಿನ್‌ಗೆ ಅವನನ್ನು ಕಂಡರೆ ಬಾಯಿ ಸುಮ್ಮನಿರುತ್ತಿರಲಿಲ್ಲ. "ಏನೋ ಹಾಲ್ವರ್, ಮೋಡ ತಗುಲುತ್ತೇನೋ?" ಎಂದು ರಸ್ತೆಯ ಈಚೆಯಿಂದ ಕೂಗುತ್ತಿದ್ದರು. ಹಾಲ್ವರ್ ನಿಂತು, ಆಕಾಶವನ್ನು ನಿಜವಾಗಿಯೂ ಒಮ್ಮೆ ನೋಡಿ, "ಇವತ್ತಿಲ್ಲ," ಎಂದು ಹೇಳಿ ಹೋಗುತ್ತಿದ್ದ.

ಅವನ ಕೋಟು ಕಂದು ಬಣ್ಣದ ದಪ್ಪ ಕಿತ್ತಾನಿನದು. ಬಲಗಡೆಯ ಜೇಬು ಹರಿದು, ಮೀನು ಹಿಡಿಯುವ ದಾರದಲ್ಲಿ ಹೊಲಿದುಕೊಂಡಿದ್ದ. ಹೆಂಡತಿ ಇಲ್ಲದ ಗಂಡಸರ ಹೊಲಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಹರಿಯಲಾರದಷ್ಟು ಗಟ್ಟಿ, ನೋಡಲಾರದಷ್ಟು ಸೊಟ್ಟ. ಆ ಜೇಬಿನಲ್ಲಿ ಒಂದು ಮಡಿಸುವ ಮರದ ಅಳತೆಗೋಲು. ಅದರ ಮೊದಲ ಆರು ಅಂಗುಲ ಯಾವುದೋ ಕಾಲದಲ್ಲಿ ಮುರಿದುಹೋಗಿತ್ತು. ಹೊಸದನ್ನು ಕೊಳ್ಳುವ ಯೋಚನೆ ಅವನಿಗೆ ಬರಲಿಲ್ಲ. ಪ್ರತಿಯೊಂದನ್ನೂ ಅಳೆದು, ಕಂಡ ಅಂಕೆಯನ್ನು ಗಟ್ಟಿಯಾಗಿ ಓದಿ, "ಆರು ಕಳೆ," ಎಂದು ತನಗೆ ತಾನೇ ಹೇಳಿಕೊಂಡು ಬರೆದುಕೊಳ್ಳುತ್ತಿದ್ದ. ಇಡೀ ಊರಿನ ಬಾಗಿಲು, ಕಪಾಟಿನೊಳಗೆ ಸಾಮಾನಿಡುವ ತಟ್ಟು, ಮೆಟ್ಟಿಲುಗಳೆಲ್ಲ ಆ ಮುರುಕು ಕೋಲಿನಿಂದ ಆರು ಕಳೆದು ಮಾಡಿದವು, ಒಂದೂ ತಪ್ಪಿದ್ದಿಲ್ಲ.

ಮಾತು ಬಹಳ ಕಡಿಮೆ. ಹೌದು ಎನ್ನಬೇಕಾದರೆ ನಾರ್ವೆಯಿಂದ ವಲಸೆ ಬಂದ ನಮ್ಮ ಹಿರಿಯರ ಹಾಗೆ ಉಸಿರನ್ನು ಒಳಗೆ ಎಳೆದುಕೊಂಡು "ಯಾ" ಎನ್ನುತ್ತಿದ್ದ. ಹೇಳಿದನೋ ನಿಟ್ಟುಸಿರನ್ನು ನುಂಗಿಕೊಂಡನೋ ತಿಳಿಯುತ್ತಿರಲಿಲ್ಲ. ಅಲ್ಲ ಎನ್ನುವುದಕ್ಕೆ ಅವನಲ್ಲಿ ಮಾತೇ ಇರಲಿಲ್ಲ. ಬಹಳ ಒತ್ತಾಯ ಮಾಡಿದರೆ "ಹಾಗೂ ಮಾಡಬಹುದು" ಎನ್ನುತ್ತಿದ್ದ. ಆಮೇಲೆ ಏನು ಮಾಡಿದರೂ ಹಾಗೆ ಮಾಡುತ್ತಿರಲಿಲ್ಲ.

ಅವನ ಎರಡು ಹಟಗಳು ಊರಿಗೆಲ್ಲ ಗೊತ್ತಿದ್ದವು. ಮೊದಲನೆಯದು, ಒಂದು ಏಪ್ರಿಲ್ ತಿಂಗಳನ್ನು ನೋಡದೆ ಅವನು ಯಾರ ಗೋಡೆಯನ್ನೂ ಹಲಗೆಯಿಂದ ಮುಚ್ಚುತ್ತಿರಲಿಲ್ಲ. ನಮ್ಮ ಮಣ್ಣು ಜೇಡಿ. ಏಪ್ರಿಲಿನಲ್ಲಿ ಹಿಮ ಕರಗಿದಾಗ ನೀರು ಎತ್ತ ಹೋಗಬೇಕೆಂದು ತಿಳಿಯದೆ ಮನೆಗಳ ಗೋಡೆಗೆ ಬಂದು ಒರಗಿ ನಿಲ್ಲುತ್ತದೆ. ಒಣಗಿರುವಾಗ ಮುಚ್ಚಿದ ಗೋಡೆಯ ಹಿಂದೆ ಏನು ಬೆಳೆಯುತ್ತದೆ ಎಂಬುದು ಮೂಗಿಗೆ ಮೊದಲು, ಎದೆಗೆ ಆಮೇಲೆ ತಿಳಿಯುತ್ತದೆ. ಅದಕ್ಕೆ ಅವನು ನೆಲಕ್ಕೆ ಅಂಗೈಯಗಲದ ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ ಹೋಗಿ, ನಾಲ್ಕು ದಿನ ಬಿಟ್ಟು ಬಂದು, ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತು, ಅವುಗಳ ಕೆಳಗೆ ಬೆವರು ಬಂದಿದೆಯೇ ಎಂದು ನೋಡುತ್ತಿದ್ದ. ಜ್ವರ ನೋಡುವ ವೈದ್ಯರೂ ಅಷ್ಟು ಹೊತ್ತು ಕೂರುವುದಿಲ್ಲ.

ಎರಡನೆಯ ಹಟ ಇನ್ನೂ ವಿಚಿತ್ರ. ಕಪಾಟು ಎಷ್ಟು ದೊಡ್ಡದು ಬೇಕು ಎಂದು ಅವನು ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿ ಪ್ರಯೋಜನವಿಲ್ಲ ಎಂದು ಅವನಿಗೆ ಗೊತ್ತಿತ್ತು. ನಮ್ಮ ಜನ ಕಾಫಿಯನ್ನು ಕೂಡ ಎರಡು ಸಲ ಬೇಡ ಎಂದು ಮೂರನೆಯ ಸಲ "ಅರ್ಧ ಲೋಟ, ನಿಮಗೆ ತೊಂದರೆಯಾಗದಿದ್ದರೆ" ಎಂದು ತೆಗೆದುಕೊಳ್ಳುವವರು. ಕಪಾಟಿನ ಮಾತು ಬಂದರೆ "ಏನೋ, ಉಳಿದ ಜಾಗದಲ್ಲಿ ಒಂದು ಮೂಲೆ ಸಾಕು" ಎನ್ನುತ್ತಾರೆ. ಆಮೇಲೆ ಇಪ್ಪತ್ತು ವರ್ಷ ಸಾಲದ ಜಾಗದ ಮುಂದೆ ನಿಂತು ಮನಸ್ಸಿನಲ್ಲೇ ಕೊರಗುತ್ತಾರೆ. ಆದ್ದರಿಂದ ಹಾಲ್ವರ್ ನೆಲದ ಮೇಲೆ ಹಳೆಯ ಹಾಸಿಗೆಬಟ್ಟೆಗಳನ್ನು ಹಾಸಿಸಿ, "ಬಿಸಾಕೋಕೆ ಮನಸ್ಸು ಬಾರದ್ದೆಲ್ಲ ತಂದು ಇಲ್ಲಿಡಿ," ಎನ್ನುತ್ತಿದ್ದ. ರಾಶಿ ಬೆಳೆಯುವ ತನಕ ಹೊರಗೆ ಹೋಗಿ ತನ್ನ ಲಾರಿಯಲ್ಲಿ ಕೂತಿರುತ್ತಿದ್ದ. ಆಮೇಲೆ ಬಂದು ರಾಶಿಯನ್ನು ಸುತ್ತ ಅಳೆದು, ಆರು ಕಳೆದು, ಅದಕ್ಕೆ ಸರಿಯಾಗಿ ಕಪಾಟು ಮಾಡಿ, ಕೊನೆಗೆ ಒಂದು ತಟ್ಟನ್ನು ಹೆಚ್ಚಿಗೆ ಖಾಲಿ ಇಡುತ್ತಿದ್ದ.

ನಮ್ಮ ನೆರೆಮನೆಯ ಆಲ್ಮಾ ಕ್ವಾಮ್ ಒಮ್ಮೆ ಕೇಳಿದ್ದಳು: "ಎಲ್ಲಾ ತಂದಿಟ್ಟೆನಲ್ಲ ಹಾಲ್ವರ್, ಮತ್ತೆ ಈ ಖಾಲಿ ತಟ್ಟು ಯಾಕೆ?"

"ತಂದಿಡದ್ದಕ್ಕೆ," ಎಂದನಂತೆ.

ಆಲ್ಮಾ ಕೆಂಪಾಗಿಬಿಟ್ಟಳು. ಅವಳು ಏನನ್ನು ಮೇಲೆಯೇ ಬಚ್ಚಿಟ್ಟಿದ್ದಳೋ ನನಗೆ ಇವತ್ತಿಗೂ ತಿಳಿಯದು, ಕೇಳುವ ಊರಲ್ಲ ನಮ್ಮದು.

ನಮ್ಮ ಮನೆಯ ನೆಲಮಾಳಿಗೆಯ ಕೆಲಸಕ್ಕೆ ಅವನು ಬಂದದ್ದು ನನಗೆ ಮೂವತ್ನಾಲ್ಕು ತುಂಬಿದ ವರ್ಷದ ನವೆಂಬರಿನಲ್ಲಿ. ಅದಕ್ಕೆ ಒಂದು ಕಾರಣವಿತ್ತು, ಆ ಕಾರಣವನ್ನು ನಾವು ಅವನಿಗೆ ಹೇಳಲಿಲ್ಲ.

ನನ್ನ ತಂಗಿ ಲೂಯೆಲ್ಲಾ ಸರೋವರದ ಕಡೆಯ ದೊಡ್ಡ ಊರಿಗೆ ಮದುವೆಯಾಗಿ ಹೋದವಳು. ಅಕ್ಟೋಬರಿನಲ್ಲಿ ಅವಳಿಂದ ಕಾಗದ ಬಂತು. ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಮಣಿಕಟ್ಟು ಮುರಿಯಿತು, ಆದ್ದರಿಂದ ಅಕ್ಷರ ಸೊಟ್ಟ, ಎಂದು ಬರೆದಿದ್ದಳು. ಆ ವರ್ಷ ಅಕ್ಟೋಬರಿನಲ್ಲಿ ಎಲ್ಲಿಯೂ ಮಂಜುಗಡ್ಡೆ ಕಟ್ಟಿರಲಿಲ್ಲ. ನಾನು ಆ ಕಾಗದವನ್ನು ಮೆಲ್ವಿನ್ ಮುಂದಿಟ್ಟೆ. ಅವರು ಓದಿ, ಮಡಿಸಿ, ಕನ್ನಡಕ ತೆಗೆದು ಒರೆಸಿಕೊಂಡು, "ಕೆಳಗೆ ಒಂದು ಕೋಣೆ ಮಾಡಿಸೋಣ," ಎಂದರು. ಅಷ್ಟೇ. ನಲವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಅವರನ್ನು ಅದಕ್ಕಿಂತ ಹೆಚ್ಚು ಇಷ್ಟಪಟ್ಟ ಗಳಿಗೆ ಇನ್ನೊಂದಿಲ್ಲ.

ಮೇಲೆ ಇದ್ದದ್ದು ಎರಡೇ ಮಲಗುವ ಕೋಣೆ. ನಮ್ಮದೊಂದು, ಇಬ್ಬರು ಗಂಡುಮಕ್ಕಳದೊಂದು. ಲೂಯೆಲ್ಲಾ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳು ಕೆಳಗೇ ಇರಬೇಕು. ಆದರೆ ಗಂಡನನ್ನು ಬಿಟ್ಟು ಬರುವವಳ ಸುದ್ದಿಯನ್ನು ಬಾಯಿಬಿಟ್ಟು ಆಡುವುದು ಹೇಗೆ? ಅವಳೇ ಆಡಿರಲಿಲ್ಲ. ಆದ್ದರಿಂದ ನಮ್ಮಂಥವರು ಮಾತ್ರ ಮಾಡಬಲ್ಲ ಒಂದು ಪೆದ್ದುತನವನ್ನು ನಾವು ಮಾಡಿದೆವು. "ಹುಡುಗರು ಆಡೋಕೆ ಒಂದು ಜಾಗ ಬೇಕಾಗಿತ್ತು ಹಾಲ್ವರ್, ಪಿಂಗ್‌ಪಾಂಗ್ ಮೇಜು ಹಾಕೋಣ ಅಂತ," ಎಂದು ಮೆಲ್ವಿನ್ ಹೇಳಿದರು.

ಹಾಲ್ವರ್ ಕಾಗದದ ಚೀಲದ ಮೇಲೆ ನಕ್ಷೆ ಬರೆದ. ಮೇಜಿಗೆ ಸುತ್ತ ಓಡಾಡುವಷ್ಟು ಜಾಗ, ಮೇಲೆ ಎರಡು ದೀಪ, ಚೆಂಡು ಪುಟಿಯುವ ಹಾಗೆ ಗಟ್ಟಿ ನೆಲ. ಬಿಸಿಗಾಳಿಗೆ ಬಾಯಿ ಒಂದೂ ಇಲ್ಲ. ಕಿಟಕಿ ಹಳೆಯದೇ, ಬ್ರೆಡ್ಡಿನ ಡಬ್ಬಿಯಷ್ಟು.

"ಕಿಟಕಿ... ಸ್ವಲ್ಪ ದೊಡ್ಡದಿದ್ದರೆ?" ಎಂದೆ ನಾನು.

"ಬಿಸಿಲು ಕಣ್ಣಿಗೆ ಬಿದ್ರೆ ಚೆಂಡು ಕಾಣಲ್ಲ."

"ಬೆಚ್ಚಗೆ?"

"ಆಡೋರಿಗೆ ತಾನಾಗೇ ಬೆಚ್ಚಗಾಗುತ್ತೆ."

ಅವನ ಮಾತು ನ್ಯಾಯವಾಗಿತ್ತು. ನಾವು ಹೇಳಿದ ಸುಳ್ಳಿಗೆ ಅವನು ಸರಿಯಾಗಿಯೇ ಮನೆ ಕಟ್ಟುತ್ತಿದ್ದ. ನಾನು ಏಪ್ರನ್ನಿನ ಅಂಚನ್ನು ತಿರುಚುತ್ತ ನಿಂತೆ. ಮೂರು ಜನ ಮಲಗುವ ಕೋಣೆಗೆ ಬೆಂಕಿ ಬಿದ್ದರೆ ಹತ್ತಿ ಹೊರಗೆ ಹೋಗುವಷ್ಟು ಕಿಟಕಿ ಬೇಕು ಎಂಬುದು ಎಂಟನೆಯ ತರಗತಿಯವರೆಗಷ್ಟೇ ಓದಿದ ನನ್ನಂಥವಳಿಗೂ ಗೊತ್ತು. ಆದರೆ ಅದನ್ನು ಕೇಳಿದರೆ ಯಾರು ಮಲಗುತ್ತಾರೆ ಎಂದು ಹೇಳಬೇಕು. ಅದು ಬಾಯಿಗೆ ಬರಲಿಲ್ಲ.

ಆಮೇಲೆ ರಾಶಿಯ ದಿನ ಬಂತು. ಹಾಸಿಗೆಬಟ್ಟೆ ಹಾಸಿದೆವು. ಬೇಸಿಗೆಯ ಬಟ್ಟೆ, ಉಪ್ಪಿನಕಾಯಿಯ ಶೀಶೆಗಳು, ಮೆಲ್ವಿನ್‌ರ ಸೈನ್ಯದ ಪೆಟ್ಟಿಗೆ, ಕ್ರಿಸ್‌ಮಸ್ಸಿನ ಸಾಮಾನು, ಲೆಫ್ಸ ರೊಟ್ಟಿ ಬೇಯಿಸುವ ಅಗಲವಾದ ಹಂಚು, ನಮ್ಮ ಅತ್ತೆಯ ಮೂರು ರಜಾಯಿ. ಜನವರಿಯಲ್ಲಿ ಬಂದು ಇದ್ದು ಹೋಗು ಎಂದು ನಾನು ಬರೆದಿದ್ದಕ್ಕೆ ಲೂಯೆಲ್ಲಾ ಆಗಲೇ ರೈಲಿನಲ್ಲಿ ಒಂದು ಪೆಟ್ಟಿಗೆ ಮುಂದಾಗಿ ಕಳಿಸಿದ್ದಳು. ಅದಕ್ಕೂ ಜಾಗ ಬೇಕಲ್ಲ? ರಾಶಿಯೊಳಗೆ ಅದನ್ನು ತಂದಿಟ್ಟು, ಮೇಲೆ ರಜಾಯಿ ಹೊದಿಸಿ, ರಜಾಯಿಯ ಅಂಚನ್ನು ನೆಲದವರೆಗೂ ಎಳೆದುಬಿಟ್ಟೆ.

ಹಾಲ್ವರ್ ಲಾರಿಯಿಂದ ಬಂದ. ಸುತ್ತ ಅಳೆದ. ರಜಾಯಿಯ ಹತ್ತಿರ ನಿಂತು, ಅಳತೆಗೋಲಿನ ತುದಿಯಿಂದ ಅಂಚನ್ನು ನಾಲ್ಕು ಬೆರಳು ಎತ್ತಿದ. ಕೆಳಗೆ, ಪೆಟ್ಟಿಗೆಯ ಪಕ್ಕಕ್ಕೆ ಕಟ್ಟಿ ಕಳಿಸಿದ್ದ ಎರಡು ಜೊತೆ ಬಿಳಿಯ ಸ್ಕೇಟುಗಳಿದ್ದವು, ಮಂಜುಗಡ್ಡೆಯ ಮೇಲೆ ಜಾರುವ ಹೆಣ್ಣುಮಕ್ಕಳ ಸ್ಕೇಟುಗಳು. ಒಂದು ಜೊತೆ ನನ್ನ ಅಂಗೈಗಿಂತ ಸ್ವಲ್ಪವೇ ಉದ್ದ. ನನ್ನ ಮಕ್ಕಳಿಬ್ಬರೂ ಗಂಡು ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ರಜಾಯಿಯನ್ನು ಮೆಲ್ಲಗೆ ಇಳಿಸಿದ. "ಯಾ," ಎಂದು ಉಸಿರನ್ನು ಒಳಗೆಳೆದುಕೊಂಡ. "ಮೂವತ್ತೆಂಟು," ಎಂದ. "ಆರು ಕಳೆ."

ಮಾರನೆಯ ದಿನ ಅವನ ಲಾರಿಯ ಹಿಂದೆ ಒಂದು ದೊಡ್ಡ ಕಿಟಕಿ ಇತ್ತು.

"ಇದೇನೋ?" ಎಂದರು ಮೆಲ್ವಿನ್.

"ಶೆಡ್ಡಿನಲ್ಲಿ ಬಿದ್ದಿತ್ತು. ಇಲಿ ಕಡಿಯುತ್ತೆ."

"ಕಿಟಕೀನ ಇಲಿ ಕಡಿಯುತ್ತೇನೋ ಮಾರಾಯ?"

"ನಮ್ಮನೆ ಇಲಿ ಕಡಿಯುತ್ತೆ."

ಹೆಪ್ಪುಗಟ್ಟುತ್ತಿದ್ದ ನೆಲವನ್ನು ಗುದ್ದಲಿಯಿಂದ ಅಗೆದು, ಕಾಂಕ್ರೀಟು ಕತ್ತರಿಸಿ, ದಕ್ಷಿಣದ ಗೋಡೆಗೆ ಆ ಕಿಟಕಿ ಕೂರಿಸಿದ. ಹೊರಗೆ ಹತ್ತಿ ಹೋಗಲು ಎರಡು ಮೆಟ್ಟಿಲು. ಬಿಸಿಗಾಳಿಯ ಕೊಳವೆಗೆ ಎರಡು ಬಾಯಿ ಕೊರೆದ. ಕಪಾಟಿನಲ್ಲಿ ಬಟ್ಟೆ ನೇತುಹಾಕುವ ಕಂಬಿ ಮೂರು: ಒಂದು ನನ್ನ ಎತ್ತರಕ್ಕೆ, ಒಂದು ನನ್ನ ಎದೆಯ ಎತ್ತರಕ್ಕೆ, ಇನ್ನೊಂದು ನನ್ನ ಸೊಂಟದ ಎತ್ತರಕ್ಕೆ. ಪಿಂಗ್‌ಪಾಂಗ್ ಆಡುವವರಿಗೆ ಸೊಂಟದ ಎತ್ತರದ ಕಂಬಿ ಯಾಕೆ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನು ಹೋದ ಮೇಲೆ ಆ ಚಿಕ್ಕ ಕಂಬಿಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಆದರೆ ಏಪ್ರಿಲಿನ ಹಟವನ್ನು ಬಿಡಲಿಲ್ಲ.

"ಗೋಡೆ ಮುಚ್ಚೋದು ಏಪ್ರಿಲ್ ಆದ್ಮೇಲೆ," ಎಂದ.

"ಆಗಲ್ಲ ಹಾಲ್ವರ್," ಎಂದೆ ನಾನು.

"ಯಾಕೆ?"

"ಮೇಜು ಬಂದುಬಿಡುತ್ತೆ."

"ಯಾವಾಗ?"

"ಜನವರಿ ಎರಡನೇ ವಾರ."

ಅವನು ಬಕೆಟ್ಟಿನ ಮೇಲೆ ಕೂತು ಮೊಳಕಾಲಿನ ಮೇಲಿನ ಧೂಳನ್ನು ತಟ್ಟಿದ. "ಏಪ್ರಿಲ್ ತನಕ ಅದನ್ನ ಈಗಿರೋ ಕಡೆ ಇಡೋಕೆ ಆಗಲ್ವಾ?"

"ಆಗಲ್ಲ," ಎಂದೆ. "ಅಲ್ಲಿಟ್ರೆ ಮುರಿದುಹೋಗುತ್ತೆ."

ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿ ನೋಡಿದ. ಆಮೇಲೆ ನಲವತ್ತು ವರ್ಷದಲ್ಲಿ ಮಾಡದಿದ್ದನ್ನು ಮಾಡಿದ. ಕಾಂಕ್ರೀಟು ಗೋಡೆಯಿಂದ ಒಂದು ಗೇಣು ಈಚೆಗೆ, ಅದಕ್ಕೆ ಎಲ್ಲಿಯೂ ತಾಗದ ಹಾಗೆ, ಮರದ ಚೌಕಟ್ಟು ನಿಲ್ಲಿಸಿದ. ಅದಕ್ಕೆ ಹಲಗೆಗಳನ್ನು ಮೊಳೆ ಹೊಡೆಯದೆ ತಿರುಪಿನಲ್ಲಿ ಬಿಗಿದ, ಬೇಕೆಂದಾಗ ಅಂಗಿಯ ಗುಂಡಿ ಬಿಚ್ಚಿದ ಹಾಗೆ ಬಿಚ್ಚಿ ನೋಡಬಹುದು. ಒಂದೊಂದು ಹಲಗೆಗೆ ಹನ್ನೆರಡು ತಿರುಪು. "ಮುಚ್ಚಿದ ಹಾಗಲ್ಲ ಇದು," ಎಂದು ಗೋಡೆಗೋ ತನ್ನ ಹಟಕ್ಕೋ ಸಮಾಧಾನ ಹೇಳಿದ. "ಒರಗಿಸಿಟ್ಟ ಹಾಗೆ."

ಜನವರಿಯಲ್ಲಿ ಲೂಯೆಲ್ಲಾ ತನ್ನ ಹೆಣ್ಣುಮಕ್ಕಳಾದ ಮಾರಿತ್ ಮತ್ತು ಸೋಲ್ವೈಗ್ ಇಬ್ಬರನ್ನೂ ಕರೆದುಕೊಂಡು ಬಸ್ಸಿನಿಂದ ಇಳಿದಳು. ಮಾರಿತ್‌ಗೆ ಒಂಬತ್ತು, ಸೋಲ್ವೈಗ್‌ಗೆ ಐದು. ಊರಿಗೆ ನಾವು ಹೇಳಿದ್ದು, ನೋಡಿಕೊಂಡು ಹೋಗಲು ಬಂದಿದ್ದಾರೆ ಎಂದು. ಊರು ಒಪ್ಪಿಕೊಂಡಿತು. ಫೆಬ್ರವರಿಯಲ್ಲೂ ಒಪ್ಪಿಕೊಂಡಿತು. ಮಾರ್ಚಿನಲ್ಲಿ ಆಲ್ಮಾ ಕ್ವಾಮ್ ಬೇಯಿಸಿದ ಆಲೂಗಡ್ಡೆ ಮಾಂಸದ ತಟ್ಟೆ ಹಿಡಿದು ಬಂದು, "ಇನ್ನೂ ಇದ್ದೀಯಲ್ಲ ಲೂಯೆಲ್ಲಾ, ಒಳ್ಳೇದಾಯ್ತು, ಇದು ನಮಗೆ ಜಾಸ್ತಿ ಆಗಿತ್ತು," ಎಂದಳು. ನಮ್ಮೂರಿನಲ್ಲಿ ಕರುಣೆ ಯಾವಾಗಲೂ ಜಾಸ್ತಿಯಾದ ಅಡುಗೆಯ ರೂಪದಲ್ಲೇ ಬರುತ್ತದೆ.

ತಂಗಿಯ ಕಾಯಿಲೆ ಬೇರೆಯಾಗಿತ್ತು. ಅವಳಿಗೆ ತೊಂದರೆ ಕೊಡುವುದೆಂದರೆ ಪಾಪ. ನಮ್ಮ ಟವೆಲ್ಲು ಒದ್ದೆಯಾದೀತೆಂದು ತನ್ನ ಪೆಟಿಕೋಟಿನಲ್ಲೇ ಮುಖ ಒರೆಸಿಕೊಳ್ಳುತ್ತಿದ್ದಳು. ಮಕ್ಕಳು ನಕ್ಕರೆ "ಶ್ಶ್, ಮೇಲೆ ಕೇಳುತ್ತೆ" ಎನ್ನುತ್ತಿದ್ದಳು. ಅವಳ ಬಟ್ಟೆಗಳು ಕಂಬಿಗೆ ಬರಲೇ ಇಲ್ಲ, ಪೆಟ್ಟಿಗೆಯಲ್ಲೇ ಇದ್ದವು. ಅಲ್ಲಿಂದ ಅವಳ ಗಂಡ ಕಾಗದ ಬರೆಯುತ್ತಿದ್ದ, ಕುಡಿಯುವುದು ಬಿಟ್ಟೆ ಎಂದು, ಮನೆ ಬಣಗುಡುತ್ತಿದೆ ಎಂದು. ಅವಳು ಆ ಕಾಗದಗಳನ್ನು ಹಾಲ್ವರ್ ಖಾಲಿ ಬಿಟ್ಟಿದ್ದ ತಟ್ಟಿನ ಮೇಲೆ ಇಡುತ್ತಿದ್ದಳು. ಒಂದರ ಮೇಲೊಂದು ಏರುತ್ತಿತ್ತು.

ಏಪ್ರಿಲ್ ಬಂತು. ನದಿ ಉಬ್ಬಿತು. ಒಂದು ಬೆಳಿಗ್ಗೆ ಸೋಲ್ವೈಗ್ ಮೆಟ್ಟಿಲು ಹತ್ತಿ ಬಂದು, "ದೊಡ್ಡಮ್ಮ, ನನ್ನ ಕಾಲುಚೀಲ ಅಳ್ತಿದೆ," ಎಂದಳು. ಈಶಾನ್ಯದ ಮೂಲೆಯಲ್ಲಿ ಚಾಪೆ ನೆನೆದು ಹೋಗಿತ್ತು.

ದೊಡ್ಡ ವಿಷಯವೇನಲ್ಲ, ಊರಿನ ಅರ್ಧ ಮನೆಗಳಲ್ಲಿ ಆ ದಿನ ಅದೇ ಕತೆ. ಆದರೆ ನಾನು ಕೆಳಗೆ ಹೋಗುವ ಹೊತ್ತಿಗೆ ಲೂಯೆಲ್ಲಾ ಪೆಟ್ಟಿಗೆಗೆ ಬೆಲ್ಟು ಬಿಗಿಯುತ್ತಿದ್ದಳು.

"ಎರಡೂವರೆಗೆ ಬಸ್ಸಿದೆ ಅಕ್ಕ."

"ಎಲ್ಲಿಗೆ?"

"ನಿಮ್ಮ ಮನೆ ಹಾಳಾಗ್ತಿದೆ. ನಾವಿಲ್ಲದಿದ್ರೆ ನೀವು ಏಪ್ರಿಲ್ ತನಕ ಕಾಯ್ತಿದ್ರಿ, ಗೋಡೆ ಸರಿಯಾಗ್ತಿತ್ತು. ನಂಗೊತ್ತು, ಎಲ್ಲಾ ಗೊತ್ತು. ಅವನು ಬದಲಾಗಿದ್ದೀನಿ ಅಂತಿದ್ದಾನೆ. ಎಷ್ಟು ದಿನ ಅಂತ ನಿಮ್ಮ ಮೇಲೆ ಬೀಳೋದು?"

ಇಲ್ಲಿ ನಾನು ಹೇಳಬೇಕಾಗಿದ್ದ ಮಾತುಗಳು ಬಹಳ ಇದ್ದವು. ಹೋಗಬೇಡ ಎನ್ನಬಹುದಾಗಿತ್ತು. ಮಂಜುಗಡ್ಡೆ ಇಲ್ಲದ ಅಕ್ಟೋಬರನ್ನು ಎತ್ತಿ ಅವಳ ಮುಂದೆ ಹಿಡಿಯಬಹುದಾಗಿತ್ತು. ನಾನು ಚಾಪೆಯನ್ನು ಹಿಂಡಿದೆ. ಮೆಲ್ವಿನ್ ಗ್ಯಾರೇಜಿಗೆ ಹೋಗಿ, ಸರಿಯಾಗಿಯೇ ಇದ್ದ ಒಂದು ಯಂತ್ರವನ್ನು ಬಿಚ್ಚತೊಡಗಿದರು. ಕೊನೆಗೆ ನಾನು ಮೇಲೆ ಬಂದು ಹಾಲ್ವರನಿಗೆ ಫೋನು ಮಾಡಿದೆ. "ಗೋಡೆ ಒದ್ದೆಯಾಗಿದೆ," ಎಂದೆ. ದನಿ ಹೇಗಿತ್ತೋ ಏನೋ. "ಯಾ," ಎಂದು ಅತ್ತ ಕಡೆ ಉಸಿರು ಒಳಗೆ ಹೋಯಿತು.

ಕರಗಿದ ಹಿಮದ ಕೆಸರಿನಲ್ಲಿ ಬಗ್ಗುತ್ತ ಬಗ್ಗುತ್ತ ಬಂದ. ಪೆಟ್ಟಿಗೆಯನ್ನು ನೋಡಿದ, ಕೋಟು ತೊಟ್ಟು ಕೂತಿದ್ದ ಹೆಣ್ಣುಮಕ್ಕಳನ್ನು ನೋಡಿದ, ಏನೂ ಕೇಳಲಿಲ್ಲ. ಮೂಲೆಯ ಹಲಗೆಯ ಮುಂದೆ ಬಕೆಟ್ಟು ಬೋರಲು ಹಾಕಿ ಕೂತು ಹನ್ನೆರಡು ತಿರುಪನ್ನೂ ಬಿಚ್ಚಿ ಒಂದೊಂದಾಗಿ ತುಟಿಯ ನಡುವೆ ಇಟ್ಟುಕೊಂಡ. ಹಲಗೆ ಈಚೆಗೆ ಬಂತು. ಹಿಂದೆ ಕಾಂಕ್ರೀಟಿನ ಮೇಲೆ ನೆಲದಿಂದ ಮೂರು ಬೆರಳು ಎತ್ತರಕ್ಕೆ ಕಪ್ಪನೆಯ ಒದ್ದೆ.

"ದಿನಾ ಇಲ್ಲೇ ಇರ್ತೀರಾ?" ಎಂದು ತಿರುಪುಗಳ ಸಂದಿಯಿಂದ ಲೂಯೆಲ್ಲಾಳನ್ನು ಕೇಳಿದ.

"ಇದ್ವಿ. ಈಗ ಹೊರಟ್ವಿ."

"ಹಾಗಾದ್ರೆ ಕಷ್ಟ."

"ಯಾಕೆ?"

ತಿರುಪುಗಳನ್ನು ಅಂಗೈಗೆ ಉಗುಳಿಕೊಂಡ. "ನೀರು ಏರ್ತಿದೆಯೋ ಇಳೀತಿದೆಯೋ ಗೊತ್ತಾಗದೆ ನಾನು ಏನೂ ಮಾಡೋಕಾಗಲ್ಲ. ಬೆಳಿಗ್ಗೆ ಒಂದು ಗೆರೆ, ಸಂಜೆ ಒಂದು ಗೆರೆ ಹಾಕ್ಬೇಕು, ಒದ್ದೆ ನಿಂತ ಕಡೆ. ಪಕ್ಕದಲ್ಲಿ ತಾರೀಖು. ಇಲ್ಲೇ ಇರೋರು ಬೇಕು."

"ಅಕ್ಕ ಹಾಕ್ತಾಳೆ."

ಹಾಲ್ವರ್ ನನ್ನ ಕಡೆ ತಿರುಗಿ ಬಹಳ ಗಂಭೀರವಾಗಿ ನೋಡಿದ. "ಅವರ ಗೆರೆ ಸೊಟ್ಟ. ಅವರ ಲೆಫ್ಸ ನೋಡಿದೀನಿ."

ನನಗೆ ಮೈಯೆಲ್ಲ ಉರಿಯಿತು. ನನ್ನ ಲೆಫ್ಸ ಇಗರ್ಜಿಯ ಮಾರಾಟದಲ್ಲಿ ಮೊದಲು ಖಾಲಿಯಾಗುವುದು. ಆದರೆ ಲೂಯೆಲ್ಲಾಳ ಬಾಯಿಯ ಒಂದು ಮೂಲೆ ಅಲುಗಿತು. ಜನವರಿಯಿಂದ ನಾನು ಅದನ್ನು ನೋಡಿರಲಿಲ್ಲ. ಉರಿಯನ್ನು ನುಂಗಿಕೊಂಡೆ. "ಸೊಟ್ಟವೇ," ಎಂದೆ.

"ಎಷ್ಟು ದಿನ?" ಎಂದಳು ಅವಳು.

"ಇಳಿಯೋ ತನಕ."

"ಇಳಿದ ಮೇಲೆ?"

"ಒಂದು ವರ್ಷದ್ದು ನೋಡಿ ನಂಬೋಕಾಗಲ್ಲ. ಮುಂದಿನ ಏಪ್ರಿಲ್ ಕೂಡ ನೋಡ್ಬೇಕು." ಜೇಬಿನಿಂದ ಬಡಗಿಯ ಚಪ್ಪಟೆ ಪೆನ್ಸಿಲು ತೆಗೆದು ಅವಳ ಕಡೆ ಚಾಚಿದ. "ನಿಮಗೆ ತೊಂದರೆ. ಗೊತ್ತು. ಆದ್ರೆ ನೀವು ಹೋದ್ರೆ ಈ ಗೋಡೆ ನಾನು ಮುಚ್ಚೋ ಹಾಗಿಲ್ಲ."

ತೊಂದರೆ ಕೊಡಬಾರದೆಂದು ಸಾಯುತ್ತಿದ್ದವಳ ಹತ್ತಿರ ಅವನು ತೊಂದರೆ ತೆಗೆದುಕೊಳ್ಳಿ ಎಂದು ಕೇಳುತ್ತಿದ್ದ. ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ. ಮೇಲೆ ಗಡಿಯಾರ ಎರಡು ಹೊಡೆಯಿತು. ಮಾರಿತ್ ತಾಯಿಯ ಮುಖವನ್ನೇ ನೋಡುತ್ತಿದ್ದಳು, ಅವಳ ಕೈಗಳು ಕೋಟಿನ ಗುಂಡಿಯ ಮೇಲಿದ್ದವು, ಬಿಚ್ಚಲೋ ಹಾಕಲೋ ಎಂಬಂತೆ. ಲೂಯೆಲ್ಲಾ ಪೆನ್ಸಿಲನ್ನು ತೆಗೆದುಕೊಂಡಳು. ಆ ಒದ್ದೆ ನೆಲದ ಮೇಲೆ, ಹೊರಡಲು ತೊಟ್ಟ ಒಳ್ಳೆಯ ಸ್ಕರ್ಟಿನಲ್ಲೇ ಮೊಳಕಾಲೂರಿ, ಮುರಿದು ಕೂಡಿಕೊಂಡಿದ್ದ ಆ ಮಣಿಕಟ್ಟಿನಿಂದ, ಕಾಂಕ್ರೀಟಿನ ಮೇಲೆ ಒಂದು ಗೆರೆ ಎಳೆದಳು. ನೆಟ್ಟಗಿತ್ತು. ಪಕ್ಕದಲ್ಲಿ ತಾರೀಖು ಬರೆದಳು.

ಹಾಲ್ವರ್ ಅಳತೆಗೋಲು ಹಿಡಿದು ನೋಡಿದ. "ಎಂಟೂಕಾಲು," ಎಂದ. "ಆರು ಕಳೆ."

ಆ ದಿನ ಬಸ್ಸು ಅವಳನ್ನು ಹತ್ತಿಸಿಕೊಳ್ಳದೆ ಹೋಯಿತು. ಮಾರನೆಯ ವಾರ ಕಪಾಟಿನ ದೊಡ್ಡ ಕಂಬಿಯ ಮೇಲೆ ಅವಳ ಎರಡು ಅಂಗಿಗಳು ಬಂದವು, ಆಮೇಲೆ ಕೋಟು. ಮೇ ತಿಂಗಳಲ್ಲಿ ನಾನು ಬಟ್ಟೆ ಒಣಹಾಕುವಾಗ ನೋಡಿದೆ: ಹಾಲ್ವರ್ ಮನೆಯ ಈಶಾನ್ಯದ ಮೂಲೆಯಲ್ಲಿ, ಹೊರಗೆ, ಯಾರಿಗೂ ಹೇಳದೆ, ಮಣ್ಣು ಎತ್ತರಿಸಿ, ಸೂರಿನ ನೀರು ದೂರ ಬೀಳುವಂತೆ ತಗಡಿನ ದೋಣಿ ಜೋಡಿಸುತ್ತಿದ್ದ. ಅದಾದ ಮೇಲೆ ಆ ಮೂಲೆಯಲ್ಲಿ ಒಂದು ಹನಿ ನೀರು ಬರಲಿಲ್ಲ.

ಆದರೂ ಅವನು ಆ ಹಲಗೆಯನ್ನು ಮೊಳೆ ಹೊಡೆದು ಮುಚ್ಚಲಿಲ್ಲ. ಪ್ರತಿ ಏಪ್ರಿಲಿನಲ್ಲೂ ಬರುತ್ತಿದ್ದ. ತಿಂಗಳ ಮೊದಲಲ್ಲಿ ಹನ್ನೆರಡು ತಿರುಪು ಬಿಚ್ಚಿ ಹೋಗಿ, ಕೊನೆಯಲ್ಲಿ ಮತ್ತೆ ಬಂದು ಬಕೆಟ್ಟಿನ ಮೇಲೆ ಕೂತು, ಲೂಯೆಲ್ಲಾ ಬರೆದದ್ದನ್ನು ಪಾದ್ರಿ ಗ್ರಂಥ ಓದುವ ಹಾಗೆ ಓದುತ್ತಿದ್ದ. ಗೆರೆ ಎಳೆಯಲು ಒದ್ದೆಯೇ ಇಲ್ಲದ್ದರಿಂದ ಅವಳು ಬರಿಯ ತಾರೀಖು ಬರೆದು ಪಕ್ಕದಲ್ಲಿ "ಒಣ" ಎಂದು ಬರೆಯುತ್ತಿದ್ದಳು. ಅವಳು ಶಾಲೆಯ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ ವರ್ಷ ಒಣ. ಬೇರೆ ಮನೆ ಮಾಡಿಕೊಂಡು ಹೋದ ವರ್ಷವೂ ಏಪ್ರಿಲಿನಲ್ಲಿ ದಿನಕ್ಕೆರಡು ಸಲ ನಡೆದುಕೊಂಡು ಬಂದು ಬರೆದು ಹೋದಳು, ಒಣ. ಹಾಲ್ವರ್ ಎರಡು ಸಲ ಕಾಫಿ ಬೇಡ ಎಂದು, ಮೂರನೆಯ ಸಲ ತೆಗೆದುಕೊಂಡು, ಹಲಗೆ ಬಿಗಿದು ಹೋಗುತ್ತಿದ್ದ. ಅವರಿಬ್ಬರ ನಡುವೆ ಏನಾದರೂ ಇತ್ತೇ ಎಂದು ಊರು ಒಂದು ಕಾಲಕ್ಕೆ ಯೋಚಿಸಿತು. ಇದ್ದದ್ದು ಒಂದು ಗೋಡೆ. ಆ ಗಂಡನ ಕಾಗದಗಳು ತಟ್ಟಿನಿಂದ ಯಾವಾಗ ಮಾಯವಾದವೋ ನಾನು ನೋಡಲಿಲ್ಲ. ಒಂದು ದಿನ ಅಲ್ಲಿ ಹುಡುಗಿಯರ ಸ್ಕೇಟುಗಳಿದ್ದವು.

ಬಹಳ ವರ್ಷದ ಮೇಲೆ ಒಮ್ಮೆ ಧೈರ್ಯ ಮಾಡಿ ಕೇಳಿದೆ. "ಹಾಲ್ವರ್, ಆ ಮೂಲೆ ಆ ವರ್ಷದ ಮೇ ತಿಂಗಳಲ್ಲೇ ಸರಿಹೋಗಿತ್ತಲ್ಲ?"

"ಯಾ."

"ಮತ್ತೆ ಗೋಡೆ ಯಾಕೆ ಮುಚ್ಚಲಿಲ್ಲ?"

ಲೋಟದೊಳಗೆ ನೋಡಿಕೊಂಡ. "ಗೆರೆ ನೆಟ್ಟಗಿತ್ತು. ಮುಚ್ಚೋಕೆ ಮನಸ್ಸು ಬರ್ಲಿಲ್ಲ." ಲೋಟ ಕೆಳಗಿಟ್ಟು, "ನಿಮ್ಮ ಲೆಫ್ಸ ವಿಷಯ," ಎಂದ. ಕಿವಿ ಕೆಂಪಾಗಿತ್ತು. "ಅದು ಸುಳ್ಳು." ಹದಿನೇಳು ವರ್ಷ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ.

ಅವನು ಕೊನೆಯ ಸಲ ಬಂದ ಏಪ್ರಿಲಿನಲ್ಲಿ ಮೊಳಕಾಲು ಮಡಿಯುತ್ತಿರಲಿಲ್ಲ. ಬಕೆಟ್ಟಿನ ಮೇಲೆ ಕೂರಿಸಿದೆವು. ಸೋಲ್ವೈಗ್ ಆಗ ಎರಡು ಮಕ್ಕಳ ತಾಯಿ. ಅವಳೇ ತಿರುಪು ಬಿಚ್ಚಿ, ಅವನ ಹಾಗೆಯೇ ತುಟಿಯ ನಡುವೆ ಇಟ್ಟುಕೊಂಡಳು. ಕಣ್ಣು ಮಂಜಾಗಿತ್ತು ಅವನಿಗೆ, ಗೋಡೆ ಕಾಣುತ್ತಿರಲಿಲ್ಲ.

"ಒಣ?" ಎಂದ.

"ಒಣ," ಎಂದಳು.

ಆ ಚಳಿಗಾಲ ಹೋಗಿಬಿಟ್ಟ. ಇಗರ್ಜಿಯ ಬಾಗಿಲು ಹತ್ತಡಿ ಎತ್ತರ. ಅವನ ಶವದ ಪೆಟ್ಟಿಗೆ ಹೊತ್ತ ಆರು ಗಂಡಸರು, ನನ್ನ ಮೆಲ್ವಿನ್ ಮುಂದಿನ ಬಲಗಡೆ, ಹೊಸ್ತಿಲಿಗೆ ಬಂದಾಗ ಆರೂ ಜನ ಕತ್ತು ತಗ್ಗಿಸಿ ಎಡಕ್ಕೆ ಒಂದಿಷ್ಟು ವಾಲಿ ಒಳಗೆ ಬಂದರು. ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಪಕ್ಕದಲ್ಲಿ ಲೂಯೆಲ್ಲಾ ಬಾಯಿಗೆ ಕೈ ಇಟ್ಟುಕೊಂಡಳು. ನಕ್ಕಳೋ ಅತ್ತಳೋ, ಎರಡಕ್ಕೂ ಅಲ್ಲಿ ಜಾಗವಿತ್ತು.

ಈಗ ಮೆಲ್ವಿನ್ ಇಲ್ಲ. ಏಪ್ರಿಲ್ ಬಂದರೆ ನಾನೂ ತಂಗಿಯೂ ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿಯುತ್ತೇವೆ. ಆ ಮೂಲೆಯಲ್ಲಿ ಕೂತಾಗ ನನಗೆ ಅನ್ನಿಸುವುದಿಷ್ಟು. ಲೋಕದಲ್ಲಿ ದುಃಖವನ್ನು ಕೇಳಿ ತಿಳಿದುಕೊಂಡು ಸಹಾಯ ಮಾಡುವ ಒಳ್ಳೆಯವರು ಬೇಕಾದಷ್ಟಿದ್ದಾರೆ, ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಆದರೆ ಕೇಳಿಸಿಕೊಂಡವರ ಮುಂದೆ ನಾವು ಆಮೇಲೆ ಯಾವಾಗಲೂ ಒಂದು ಮೆಟ್ಟಿಲು ಕೆಳಗೇ ನಿಂತಿರುತ್ತೇವೆ. ಕೇಳದೆ ಅಳೆಯುವವರು ಬೇರೆಯ ಜಾತಿ. ಅವರು ರಜಾಯಿಯ ಅಂಚನ್ನು ನಾಲ್ಕೇ ಬೆರಳು ಎತ್ತುತ್ತಾರೆ, ಕಂಡದ್ದನ್ನು ಕಂಡಿಲ್ಲವೆಂಬಂತೆ ಇಳಿಸುತ್ತಾರೆ, ತಾವು ಹೇಳಬಹುದಾಗಿದ್ದ ಮಾತನ್ನೆಲ್ಲ ಕಳೆದು ಉಳಿದದ್ದರಲ್ಲಿ ಕಿಟಕಿ ಕೂರಿಸುತ್ತಾರೆ. ಅಂಥವರು ಕಟ್ಟಿದ ಕಡೆ ನಮ್ಮ ಮತ್ತು ಗೋಡೆಯ ನಡುವೆ ಒಂದು ಗೇಣು ಗಾಳಿ ಇರುತ್ತದೆ. ಅವರು ಜೀವಮಾನವೆಲ್ಲ ಬಗ್ಗಿ ನಡೆಯುವುದನ್ನು ನೋಡಿ ನಾವು ನಗುತ್ತೇವೆ. ಅವರು ಬಿಟ್ಟುಹೋದ ಕೋಣೆಯಲ್ಲಿ ನಾವು ಮಾತ್ರ ನೆಟ್ಟಗೆ ನಿಂತಿರುತ್ತೇವೆ.